ಬೇವಿನ ಮರದ ಪಕ್ಕ, ಎಡಕ್ಕೆ

ಇದನ್ನು ಬರೆಯಬೇಕೆಂದು ಎಷ್ಟು ಸಲ ಕೂತು ಎದ್ದಿದ್ದೇನೋ. ಒಮ್ಮೆ ಕನ್ನಡಕ ಸಿಗಲಿಲ್ಲ, ಒಮ್ಮೆ ಹಬ್ಬ ಬಂತು, ಒಮ್ಮೆ ಮೊಣಕಾಲು ನೋವು. ಬರೆಯುವುದಕ್ಕೂ ಮೊಣಕಾಲಿಗೂ ಏನು ಸಂಬಂಧ ಎಂದು ನನ್ನ ಹೆಂಡತಿ ಕೇಳಿದಳು. ಎಸ್ಸೆಸ್ಸೆಲ್ಸಿ ಪಾಸಾದವನಿಗೆ ನಾಲ್ಕು ಸಾಲು ಬರೆಯಲು ಬಾರದು ಎಂದೇನಲ್ಲ. ನಾಚಿಕೆ, ಅಷ್ಟೇ.

ಕಣ್ಣು ಮುಚ್ಚಿದರೆ ಮೊದಲು ಕಾಣುವುದು ಅವರ ಕೈ. ನಮ್ಮ ಕೋಗಿಲು ಊರಿನ ಮೇನ್ ರೋಡಿನಲ್ಲಿ ಒಂದು ಮೂಲೆಮನೆ, ಹಸಿರು ಬಣ್ಣದ ಕಬ್ಬಿಣದ ಗೇಟು, ಗೇಟಿನ ಹೊರಗೆ ನೀಲಿ ಪ್ಲಾಸ್ಟಿಕ್ ಸ್ಟೂಲು, ಅದರ ಮೇಲೆ ಆ ಮನೆಯ ಅಮ್ಮ. ತೊಡೆಯ ಮೇಲೆ ಮೊರ, ಮೊರದಲ್ಲಿ ಅವರೆಕಾಯಿಯೋ ಸೊಪ್ಪೋ. ಯಾರಾದರೂ ಫೋನು ನೋಡಿಕೊಂಡು ಸ್ಕೂಟರಿನಲ್ಲಿ ಬಂದು ಗೇಟಿನ ಮುಂದೆ ಕಾಲೂರಿದರೆ ಸಾಕು, ಬಾಯಿ ತೆರೆಯುವ ಮೊದಲೇ ಆ ಕೈ ಮೇಲೇಳುತ್ತಿತ್ತು. ಬೆರಳಿಗಂಟಿದ ಅವರೆ ಸಿಪ್ಪೆಯ ಸಮೇತ.

“ಮಿಕ್ಸಿ ತಾನೆ? ಇಂಗೇ ಮುಂದಕ್ಕೋಗಿ, ಬೇವಿನ ಮರ ಸಿಕ್ತದೆ. ಅದ್ರ ಪಕ್ಕ ಎಡಕ್ಕೆ ಸಂದಿ. ಸಂದಿ ನೋಡಿ ಎದರ್ಕೋಬೇಡಿ, ಒಳಕ್ಕೋಗಿ. ಒಳ್ಳೇ ಮನುಷ್ಯ ಕೂತವ್ರೆ.”

ಆ ಒಳ್ಳೇ ಮನುಷ್ಯ ನಾನು.

ನನ್ನದು ಮಿಕ್ಸಿ, ಗ್ರೈಂಡರ್ ರಿಪೇರಿಯ ಅಂಗಡಿ. ದಾಸರಹಳ್ಳಿ ಕಡೆ ಕಾರ್ಖಾನೆಯೊಂದರಲ್ಲಿ ಮೋಟಾರ್ ವೈಂಡಿಂಗ್ ಮಾಡಿಕೊಂಡಿದ್ದವನು, ಅದು ಮುಚ್ಚಿದ ಮೇಲೆ ಸಂದಿಯೊಳಗೆ ಒಂದು ಮಳಿಗೆ ಹಿಡಿದೆ. ಸಂದಿ ಎಂದರೆ ಎದುರಿಗೆ ಹಸು ಬಂದರೆ ಮನುಷ್ಯ ಹಿಂದಕ್ಕೆ ಹೋಗಬೇಕು, ಅಂಥದ್ದು. ವ್ಯಾಪಾರ ಕುಂಟುತ್ತಿತ್ತು. ನನ್ನ ಮಗಳು ಶೋಭಾ ಒಂದು ಭಾನುವಾರ ಬಂದು ಹೇಳಿದಳು: “ಅಪ್ಪ, ಈಗ ಯಾರೂ ಬೋರ್ಡ್ ನೋಡ್ಕೊಂಡು ಬರಲ್ಲ. ಫೋನಲ್ಲಿ ನೀನಿಲ್ಲ ಅಂದ್ರೆ ಎಲ್ಲೂ ಇಲ್ಲ.”

ಅವಳೇ ಅಂಗಡಿಗೊಂದು ವೆಬ್‌ಸೈಟ್ ಮಾಡಿದಳು, ಪೇಜ್ ತೆರೆದಳು, ಮ್ಯಾಪಿನಲ್ಲಿ ಕೆಂಪು ಗುರುತು ಇಟ್ಟಳು, ಎಲ್ಲವನ್ನೂ ನನಗೆ ಕಲಿಸಿ ಹೋದಳು. ಕಲಿತ ಮೇಲೆ ನನ್ನನ್ನು ಹಿಡಿಯುವವರಿಲ್ಲ. ಬಿಳಿ ಅಂಗಿ ಹಾಕಿ, ತಲೆಗೆ ಎಣ್ಣೆ ಹಚ್ಚಿ, ಕೈಯಲ್ಲಿ ಮಿಕ್ಸಿ ಜಾರ್ ಹಿಡಿದು “ನಮಸ್ಕಾರ ಸ್ನೇಹಿತರೇ” ಎಂದು ವೀಡಿಯೋ ಮಾಡಿದೆ. ಅದನ್ನು ಹದಿನಾಲ್ಕು ಸಲ ನೋಡಲಾಗಿದೆ ಎಂದು ಕೆಳಗೆ ತೋರಿಸುತ್ತಿತ್ತು. ಹದಿನಾಲ್ಕರಲ್ಲಿ ಬಹುಪಾಲು ನಾನೇ. ಹೆಂಡತಿ ಒಂದು ಸಲ ನೋಡಿ, “ಜಾರ್ ಚೆನ್ನಾಗಿ ಬಂದಿದೆ” ಎಂದಳು.

ಮ್ಯಾಪಿನದೇ ಒಂದು ತಾಪತ್ರಯ. ಶೋಭಾ ಗುರುತನ್ನು ಸರಿಯಾಗಿ ಅಂಗಡಿಯ ಮೇಲೆಯೇ ಇಟ್ಟಿದ್ದಳು. ಆದರೆ ಫೋನಿಗೆ ನಮ್ಮ ಸಂದಿ ಗೊತ್ತಿರಲಿಲ್ಲ. ಅದು ಜನರನ್ನು ಹಿಂದಿನ ಬಡಾವಣೆಗೆ ಕರೆದೊಯ್ದು, ಮೋರಿಯಾಚೆ ಒಂದು ಎತ್ತರದ ಗೋಡೆಯ ಮುಂದೆ ನಿಲ್ಲಿಸಿ “ತಲುಪಿದ್ದೀರಿ” ಎನ್ನುತ್ತಿತ್ತು. ಅಲ್ಲಿಂದ ಅವರು, “ಅಂಕಲ್, ಬಂದಿದೀವಿ, ಎಲ್ಲಿದೀರಾ?” ಎಂದು ಕೂಗುವರು. ಈಚೆಯಿಂದ ನಾನು, “ಇಲ್ಲೇ ಇದೀನಿ!” ಎಂದು ಕೂಗುವೆ. ಇಬ್ಬರೂ ಇರುತ್ತಿದ್ದೆವು, ವ್ಯಾಪಾರ ಮಾತ್ರ ಇರುತ್ತಿರಲಿಲ್ಲ.

ಮಗಳನ್ನು ಕೇಳಿದ್ದರೆ ಗುರುತನ್ನು ಬೇವಿನ ಮರದ ಹತ್ತಿರ, ಸಂದಿಯ ಬಾಯಿಗೆ ಸರಿಸಿಕೊಡುತ್ತಿದ್ದಳು. ಆದರೆ ನನಗೆ ವಿದ್ಯೆ ತಲೆಗೇರಿತ್ತು. ಸಂದಿಯ ಬಾಯಿ ಯಾಕೆ, ಮೇನ್ ರೋಡೇ ಇರಲಿ ಎನ್ನಿಸಿತು. ಮೇನ್ ರೋಡಿನ ಅಂಗಡಿ ಎಂದರೆ ಅದರ ತೂಕವೇ ಬೇರೆ. ಕೂತಲ್ಲೇ ಬೆರಳಿನಿಂದ ಆ ಕೆಂಪು ಗುರುತನ್ನು ಎಳೆದು ಮೂಲೆಮನೆಯ ಹಸಿರು ಗೇಟಿನ ಮೇಲೆ ಇಟ್ಟೆ. ಮನೆಯವರನ್ನು ಕೇಳಲಿಲ್ಲ. ಮಾರನೆಯ ದಿನದಿಂದ ಗಿರಾಕಿಗಳು ಬರಲು ಶುರುಮಾಡಿದರು. ನನ್ನ ಬುದ್ಧಿಗೆ ನಾನೇ ಬೆನ್ನು ತಟ್ಟಿಕೊಂಡೆ.

ಆಗ ನನಗೆ ಅವರ ಪರಿಚಯ ಅಷ್ಟಕ್ಕಷ್ಟೇ. ಊರಿನ ಹಳೇ ಕುಟುಂಬ. ಹಿಂದೆ ಆ ಮೂಲೆಯಿಂದ ಆಚೆಗೆ ಅವರ ದ್ರಾಕ್ಷಿ ತೋಟವೇ ಇತ್ತಂತೆ, ಈಗ ಮನೆ ಮಾತ್ರ ಉಳಿದಿತ್ತು. ಗೇಟಿನ ಮೇಲೆ ಗಂಡನ ಹೆಸರಿನ ಫಲಕ. ಅವರ ಹೆಸರು ಯಾರಿಗೂ ಬೇಕಿರಲಿಲ್ಲ. ನನ್ನ ಗಿರಾಕಿಗಳು ಅವರನ್ನು “ಗೇಟಾಂಟಿ” ಎನ್ನುತ್ತಿದ್ದರು. ನಾನು ಮನಸ್ಸಿನಲ್ಲಿ ಗೇಟಿನಮ್ಮ ಎಂದಿಟ್ಟುಕೊಂಡೆ.

ಕೆಲವು ವಾರ ಕಳೆದ ಮೇಲೆ ಹಾಲಿನ ಬೂತಿನ ಹತ್ತಿರ ಅವರೇ ನನ್ನನ್ನು ತಡೆದರು.

“ನಂಜುಂಡಣ್ಣ, ನಿಮ್ ಗಿರಾಕಿಗಳು ನಮ್ ಮನೆ ಬೆಲ್ ಒತ್ತುತಾವ್ರೆ. ಫೋನು ಇಲ್ಲೇ ಅಂತ ತೋರಿಸ್ತದಂತೆ. ಒಸಿ ಸರಿ ಮಾಡಕ್ಕಾಗಲ್ವಾ?”

“ಆಗುತ್ತೆ” ಎನ್ನಬೇಕಿತ್ತು. ನಾನು ಆಕಾಶಕ್ಕೆ ಬೆರಳು ತೋರಿಸಿದೆ.

“ಅದು ಸ್ಯಾಟಲೈಟ್ ಅಮ್ಮ. ಮೇಲಿಂದ ನೋಡುತ್ತೆ. ನಮ್ ಕೈಲಿ ಏನೂ ಇಲ್ಲ. ಕಂಪನಿಗೆ ಬರ್ದಿದೀನಿ.”

ಅವರು ತಲೆಯೆತ್ತಿ ಆಕಾಶವನ್ನು ಒಂದು ಗಳಿಗೆ ನೋಡಿದರು. “ಅಷ್ಟೆತ್ತರದಿಂದ ನೋಡಿದ್ರೆ ನನಗೂ ತಪ್ಪೇ ಆಗ್ತಿತ್ತು ಬಿಡಿ” ಎಂದು ಹಾಲಿನ ಪ್ಯಾಕೆಟ್ ಹಿಡಿದು ಹೊರಟರು. ಮುಂದೆ ಬಂದವರಿಗೆಲ್ಲ ಹಾಗೇ ಹೇಳುತ್ತಿದ್ದರು: “ಸ್ಯಾಟಲೈಟ್‌ಗೆ ನಮ್ ಮನೆ ಮೇಲೇ ಕಣ್ಣು. ಏನ್ ಮಾಡಾದು.”

ಆಮೇಲೇ ಅವರು ಸ್ಟೂಲು ತಂದು ಗೇಟಿನ ಹೊರಗೆ ಕೂರಲು ಶುರುಮಾಡಿದ್ದು. ಅದನ್ನು ನೋಡಿ ನನಗೆ ಸಮಾಧಾನವಾಯಿತು. ಪಾಪ, ಮನೆಯಲ್ಲಿ ಹೊತ್ತು ಹೋಗುವುದಿಲ್ಲ, ನಾಲ್ಕು ಜನರ ಜೊತೆ ಮಾತಾದರೂ ಸಿಗುತ್ತಿದೆಯಲ್ಲ, ಒಂದು ಲೆಕ್ಕದಲ್ಲಿ ನಾನು ಮಾಡಿದ್ದು ಉಪಕಾರವೇ ಎಂದುಕೊಂಡೆ. ಹೆಂಡತಿಗೂ ಹಾಗೇ ಹೇಳಿದೆ. ಅವಳು ನನ್ನನ್ನು ನೋಡಿದ ರೀತಿಯಲ್ಲೇ ಅರ್ಥವಾಗಬೇಕಿತ್ತು.

ಮಾತು ಅವರಿಗೆ ಇಷ್ಟವಾಗಿದ್ದೂ ಸುಳ್ಳಲ್ಲ. ದಾರಿ ಹೇಳುತ್ತಾ ಹೇಳುತ್ತಾ ರೋಗಪರೀಕ್ಷೆಗೂ ಇಳಿದರು. ಮಿಕ್ಸಿಯಲ್ಲಿ ಮೋಟಾರಿಗೂ ಜಾರಿಗೂ ನಡುವೆ ಕಪ್ಲರ್ ಎಂದು ಒಂದು ಚಿಕ್ಕ ಬಿಲ್ಲೆ ಇರುತ್ತದೆ. ಅದು ಸವೆದರೆ ಮೋಟಾರ್ ತಿರುಗುತ್ತದೆ, ಬ್ಲೇಡ್ ತಿರುಗುವುದಿಲ್ಲ. ಯಾವನೋ ಗಿರಾಕಿ ವಾಪಸ್ ಹೋಗುವಾಗ ಅದನ್ನು ಅವರಿಗೆ ಹೇಳಿಹೋಗಿದ್ದ. ಅಂದಿನಿಂದ ಎಲ್ಲದಕ್ಕೂ ಒಂದೇ ಮಾತು: “ಕಪ್ಲರ್ ಅಷ್ಟೇ, ಬಯ ಬೀಳ್ಬೇಡಿ.” ಹೊಗೆ ಬಂದ ಮಿಕ್ಸಿಗೂ ಕಪ್ಲರ್, ಬಿದ್ದು ಒಡೆದ ಜಾರಿಗೂ ಕಪ್ಲರ್. ಒಮ್ಮೆ ಒಬ್ಬರು ಸೀಲಿಂಗ್ ಫ್ಯಾನ್ ತಂದಿದ್ದರು, ಅದಕ್ಕೂ ಕಪ್ಲರ್. ಜನ ನಗುನಗುತ್ತಾ ಅಂಗಡಿಗೆ ಬರುತ್ತಿದ್ದರು. ನಗುತ್ತಾ ಬಂದ ಗಿರಾಕಿ ಚೌಕಾಸಿ ಮಾಡುವುದಿಲ್ಲ ಎಂಬುದನ್ನು ನಾನು ಆಗ ಕಂಡುಕೊಂಡೆ.

ಗಿರಾಕಿಗಳು ಪೇಜಿನಲ್ಲಿ ಬರೆಯುತ್ತಿದ್ದುದೂ ಅವರ ಬಗ್ಗೆಯೇ. “ಅಂಗಡಿ ಸಿಗೋದು ಕಷ್ಟ. ಆದ್ರೆ ಗೇಟಲ್ಲಿ ಒಬ್ರು ಆಂಟಿ ದಾರಿ ಹೇಳಿ, ಕುಡಿಯಕ್ಕೆ ನೀರೂ ಕೊಟ್ರು. ಐದು ಸ್ಟಾರ್ ಅವ್ರಿಗೇ.” ಅದಕ್ಕೆ ನಾನು ಬರೆದ ಉತ್ತರ ಇನ್ನೂ ಅಲ್ಲಿದೆ, ಬೇಕಾದವರು ನೋಡಬಹುದು: “ಧನ್ಯವಾದಗಳು. ಗ್ರಾಹಕರ ಸೇವೆಯೇ ನಮ್ಮ ಗುರಿ. ನಿಮ್ಮ ಮೆಚ್ಚುಗೆಯನ್ನು ನಮ್ಮ ಸಿಬ್ಬಂದಿಗೆ ತಿಳಿಸುತ್ತೇವೆ.”

ಸಿಬ್ಬಂದಿ! ಸಂಬಳವಿಲ್ಲ, ರಜೆಯಿಲ್ಲ, ತಾನು ಸಿಬ್ಬಂದಿ ಎಂದು ಗೊತ್ತೂ ಇಲ್ಲ. ತಿಳಿಸಿದೆನೇ? ಅದೂ ಇಲ್ಲ.

ಆಸೆಗೆ ಕೊನೆಯೆಲ್ಲಿ. ಅವರ ಗೇಟಿಗೆ ನನ್ನ ಅಂಗಡಿಯ ಹೆಸರೂ ಬಾಣದ ಗುರುತೂ ಇರುವ ಒಂದು ಫ್ಲೆಕ್ಸ್ ಕಟ್ಟಿದರೆ ಹೇಗೆ ಎಂದು ಹೊಳೆಯಿತು. ಆಯುಧಪೂಜೆಗೆ ಮುಂಚಿನ ಒಂದು ಮಧ್ಯಾಹ್ನ, ಫ್ಲೆಕ್ಸನ್ನು ಸುತ್ತಿ ಕಂಕುಳಲ್ಲಿಟ್ಟುಕೊಂಡು ಹೋದೆ. ಸ್ಟೂಲು ಖಾಲಿಯಿತ್ತು. ಗೇಟು ತೆರೆದು ಬಾಗಿಲವರೆಗೆ ಹೋಗಿ ಬೆಲ್ ಹುಡುಕಿದೆ. ಬೆಲ್ ಇರಬೇಕಾದಲ್ಲಿ ಎರಡು ವೈರು, ತುದಿಗೆ ಟೇಪು.

ಅವರು ಒಳಗಿನಿಂದ ಬಂದು ತುಟಿಯ ಮೇಲೆ ಬೆರಳಿಟ್ಟರು. “ಮೆತ್ತಗೆ ಮಾತಾಡಿ ಅಣ್ಣ. ಈಗ್ತಾನೆ ಕಣ್ ಮುಚ್ಚವ್ರೆ.”

ಮುಂದಿನ ಕೋಣೆಯಲ್ಲೇ ಮಂಚ. ಅವರ ಯಜಮಾನರು ಮಲಗಿದ್ದರು. ಲಕ್ವ ಹೊಡೆದು ಮೂರನೆಯ ವರ್ಷ. ನಾನು ನಾಲ್ಕು ಹೆಜ್ಜೆ ಆಚೆ ಅಂಗಡಿ ಇಟ್ಟುಕೊಂಡು ಅದನ್ನು ತಿಳಿದಿರಲಿಲ್ಲ.

“ರಾತ್ರಿಯೆಲ್ಲ ನರಳ್ತಾರೆ. ಮದ್ಯಾನ ಒಂದೊತ್ತು ನಿದ್ದೆ ಬರಾದು. ಬೆಲ್ ಒಡೆದ್ರೆ ಮೈಯೆಲ್ಲ ನಡುಗ್ತದೆ ಅವ್ರಿಗೆ. ಬೆಲ್ ಕಿತ್ತಾಕ್ಸಿದೆ, ಗೇಟ್ ಬಡಿಯಕ್ಕೆ ಶುರು ಮಾಡಿದ್ರು. ಅದ್ಕೇ ನಾನೇ ಓಗಿ ಆಚೆ ಕೂತ್ಕೊಳ್ಳಾದು. ಬಂದೋರ್ನ ಅಲ್ಲಿಂದ್ಲೇ ಕಳಿಸ್ಬುಟ್ರೆ ಇವ್ರು ಮಲಗಿರ್ತಾರೆ.” ಆಮೇಲೆ ನನ್ನ ಮುಖ ಕಂಡು, ನನಗೆ ಧೈರ್ಯ ಹೇಳುವವರಂತೆ ಸಣ್ಣಗೆ ನಕ್ಕರು. “ಇವ್ರಿಗೂ ಕಪ್ಲರ್ ಅಷ್ಟೇ ಅಣ್ಣ ಓಗಿರಾದು. ಮೋಟ್ರು ಚೆನ್ನಾಗೈತೆ. ನಾವಾಡೋದೆಲ್ಲ ಅರ್ತ ಆಗ್ತದೆ.”

ಅಲ್ಲೇ, ಆ ಬಾಗಿಲಲ್ಲೇ ಹೇಳಿಬಿಡಬಹುದಿತ್ತು. ಆದರೆ ಹೇಳುವುದೆಂದರೆ ಗುರುತು ಇಟ್ಟದ್ದನ್ನು ಮಾತ್ರವಲ್ಲ, ಸ್ಯಾಟಲೈಟನ್ನೂ ಹೇಳಬೇಕು. ಸುಮ್ಮನೆ ಮನೆಗೆ ಹೋಗಿ ಸರಿಸಿಬಿಟ್ಟರೆ? ಮಾರನೆಯ ದಿನದಿಂದ ಅವರ ಗೇಟಿಗೆ ಜನ ಬರುವುದು ನಿಲ್ಲುತ್ತದೆ, ಆಗ ಅವರಿಗೆ ಅದು ಸರಿಸಬಹುದಾದ ವಸ್ತು ಎಂದು ತಿಳಿದೇ ತಿಳಿಯುತ್ತದೆ. ಒಳ್ಳೇ ಮನುಷ್ಯ ಎಂಬ ಹೆಸರು ಹೋಗುತ್ತದೆ. ಜೊತೆಗೆ ಹಬ್ಬದ ಸೀಸನ್. ಹಬ್ಬ ಮುಗಿಯಲಿ ಎಂದುಕೊಂಡೆ.

ಕಂಕುಳಿನ ಫ್ಲೆಕ್ಸ್ ನೋಡಿ ಅವರು ಏನೆಂದು ಕೇಳಿದರು. ಬಿಚ್ಚಿ ತೋರಿಸಿದೆ. “ಒಳ್ಳೇದೇ ಆಯ್ತು, ಕಟ್ಟಿ, ನನ್ ಬಾಯಿಗೂ ಒಸಿ ಬಿಡುವು” ಎಂದು ತಾವೇ ಒಳಗಿಂದ ಕಟ್ಟುವ ತಂತಿ ತಂದುಕೊಟ್ಟರು. ನಾನು ಕಟ್ಟಿದೆ ಎಂದರೆ ನಂಬುತ್ತೀರಾ? ಕಟ್ಟಿದೆ. ಸದ್ದಾಗದ ಹಾಗೆ ಕಟ್ಟಿದೆ, ಅದೊಂದೇ ನನ್ನ ದೊಡ್ಡಸ್ತಿಕೆ.

ಹಬ್ಬ ಮುಗಿಯಿತು. ದೀಪಾವಳಿ ಬಂತು, ಸಂಕ್ರಾಂತಿ ಬಂತು. ಗುರುತು ಇದ್ದಲ್ಲೇ ಇತ್ತು. ಯುಗಾದಿಗೆ ಸ್ವಲ್ಪ ಮುಂಚೆ ಯಜಮಾನರು ತೀರಿಕೊಂಡರು.

ನಾನು ಅಂಗಡಿ ಮುಚ್ಚಿ ಹೋಗಿದ್ದೆ. ಗೇಟಿನ ಮುಂದೆಯೇ, ನನ್ನ ಫ್ಲೆಕ್ಸ್ ಮರೆಯಾಗುವಂತೆ ಶಾಮಿಯಾನ, ಬಾಡಿಗೆ ಕುರ್ಚಿಗಳು, ನಡುವೆ ಯಜಮಾನರನ್ನು ಮಲಗಿಸಿದ್ದರು. ತಲೆಯ ಹತ್ತಿರ ಗೇಟಿನಮ್ಮ ಕೂತಿದ್ದರು. ಅಂಗಡಿಯ ಬಾಗಿಲು ಎಳೆದಿದ್ದೆ, ಆದರೆ ಫೋನಿನಲ್ಲಿ “ಇಂದು ರಜೆ” ಎಂದು ಹಾಕಿರಲಿಲ್ಲ. ಹೆಲ್ಮೆಟ್ ಹಾಕಿಕೊಂಡ ಯುವಕನೊಬ್ಬ, ಚೀಲದಲ್ಲಿ ಮಿಕ್ಸಿ, ಫೋನು ನೋಡುತ್ತಾ ಶಾಮಿಯಾನದ ಅಂಚಿಗೇ ಬಂದು ನಿಂತ. ತಲೆಯೆತ್ತಿದವನು ಗಾಬರಿಯಾಗಿ ಹೆಲ್ಮೆಟ್ ತೆಗೆದ. ಪಕ್ಕದಲ್ಲಿದ್ದವನು ನಾನು. ನನ್ನ ಕಿವಿಯ ಹತ್ತಿರ ಬಂದು ಪಿಸುಗುಟ್ಟಿದ:

“ಅಂಕಲ್, ಸಾರಿ… ಇಲ್ಲಿ ಮಿಕ್ಸಿ ರಿಪೇರಿ ಅಂತ…”

ನನ್ನ ವೀಡಿಯೋ ನೋಡಿದ್ದವರಲ್ಲಿ ಅವನಿರಲಿಲ್ಲ, ದೇವರ ದಯೆ. “ಗೊತ್ತಿಲ್ಲ ಕಣಪ್ಪ” ಎಂದೆ.

ಅವನು ದಿಕ್ಕು ತೋಚದೆ ಆಚೀಚೆ ನೋಡಿದ. ಆಗ ಗಂಡನ ತಲೆಯ ಬಳಿ ಕೂತಿದ್ದವರ ಕೈ ಮೇಲೆದ್ದಿತು. ಮುಖ ನಮ್ಮ ಕಡೆ ತಿರುಗಲಿಲ್ಲ, ಕಣ್ಣು ಒರೆಸಿಕೊಳ್ಳುತ್ತಿದ್ದ ಸೆರಗು ಇನ್ನೊಂದು ಕೈಯಲ್ಲೇ ಇತ್ತು. ಈ ಕೈ ಮಾತ್ರ ನೆಟ್ಟಗೆ ಬೇವಿನ ಮರದ ಕಡೆಗೆ ತೋರಿಸಿತು. ಹುಡುಗ ಕೈಮುಗಿದು ಅತ್ತ ನಡೆದ. ನಾನು ಆಕಾಶ ನೋಡುತ್ತಾ ನಿಂತೆ. ಅದು ಅಭ್ಯಾಸವಾಗಿತ್ತಲ್ಲ.

ತಿಥಿಯ ನಂತರವೂ ಅವರು ಸ್ಟೂಲಿನ ಮೇಲೆ ಕೂತರು. ಈಗ ಎಬ್ಬಿಸಬಾರದವರು ಒಳಗೆ ಯಾರೂ ಇರಲಿಲ್ಲ. ಈಗಂತೂ ಅವರಿಗೆ ನಿಜವಾಗಿ ಜನ ಬೇಕು ಎಂದು ನಾನು ಮತ್ತೊಂದು ನೆಪ ಹೊಸೆದುಕೊಂಡೆ. ಮನೆಯ ಜಾಗವನ್ನು ಮೈದುನಂದಿರು ಬಿಲ್ಡರ್‌ಗೆ ಕೊಡುತ್ತಾರೆಂದು ಸುದ್ದಿಯಾಯಿತು. ಗೇಟಿನಮ್ಮ ದಾಸರಹಳ್ಳಿಯ ತಂಗಿಯ ಮನೆಗೆ ಹೋಗುತ್ತಾರೆಂದೂ ಕೇಳಿದೆ.

ಹೋಗುವ ಹಿಂದಿನ ದಿನ ಅವರು ನನ್ನ ಅಂಗಡಿಗೆ ಬಂದರು. ಕೈಯಲ್ಲಿ ಮಿಕ್ಸಿ. ಬಾಗಿಲಲ್ಲಿ ನಿಂತು ಸುತ್ತಲೂ ನೋಡಿದರು.

“ಓ, ಇಷ್ಟೊಳಗಿದ್ದೀರಾ? ನಾನು ಸಂದಿಗೆ ತಿರುಗಿದ್ರೆ ಅಂಗ್ಡಿ ಅಂತ ಏಳ್ತಿದ್ದೆ. ಪಾಪ, ಎಷ್ಟು ಜನ ಬೈಕೊಂಡ್ರೋ.”

ಅಷ್ಟು ಜನರನ್ನು ಕಳಿಸಿದವರು ಅಂಗಡಿಯನ್ನು ನೋಡಿದ್ದು ಅದೇ ಮೊದಲು. ಮನೆ ಬಿಟ್ಟು ಬರುವ ಹಾಗಿರಲಿಲ್ಲವಲ್ಲ. ಕುರ್ಚಿ ಹಾಕಿದೆ. ರಿಪೇರಿಗೆ ಬಂದ ವಸ್ತುವಿಗೆ ಹೆಸರಿನ ಚೀಟಿ ಅಂಟಿಸುವುದು ರೂಢಿ. ಕೈ ತಾನಾಗಿ ಪೆನ್ನು ಹಿಡಿಯಿತು. “ಹೆಸರು?” ಎಂದುಬಿಟ್ಟೆ.

ಅವರು ನಕ್ಕರು. “ಗೇಟಾಂಟಿ ಅಂತ ಬರ್ಕೊಳ್ಳಿ.” ಆಮೇಲೆ ನಿಜವಾದ ಹೆಸರು ಹೇಳಿದರು. ಬರೆದು ಅಂಟಿಸಿದೆ.

ಮಿಕ್ಸಿ ಬಿಚ್ಚಿದೆ. ಕಪ್ಲರ್ ಹೋಗಿತ್ತು. “ನಾನ್ ಏಳಿರ್ಲಿಲ್ವಾ!” ಎಂದು ಅವರು ಕೈತಟ್ಟಿದರು. ಹೊಸದು ಹಾಕಿ, ತಿರುಗಿಸಿ ತೋರಿಸಿದೆ. ದುಡ್ಡು ಬೇಡ ಎಂದೆ, ದಾನಶೂರನ ಹಾಗೆ. ಅವರು ಮಿಕ್ಸಿಯನ್ನು ಚೀಲಕ್ಕಿಟ್ಟುಕೊಂಡು ಎದ್ದರು. ಎದ್ದವರು ಸ್ವಲ್ಪ ಸಂಕೋಚದಿಂದ ಅಲ್ಲೇ ನಿಂತರು.

“ಅಣ್ಣ, ನಾಳೆಯಿಂದ ಗೇಟಲ್ಲಿ ಯಾರೂ ಇರಲ್ಲ, ನಿಮ್ ಫ್ಲೆಕ್ಸೂ ಕಿತ್ತಾಕ್ತಾರೆ. ಜನ ಬಂದು ವಾಪಸ್ ಓಗ್ಬುಡ್ತಾರೆ. ನಿಮ್ ಯಾಪಾರಕ್ಕೆ ತೊಂದ್ರೆ ಆಗ್ತದೆ. ತಪ್ಪು ತಿಳ್ಕೋಬೇಡಿ.”

ನಿಜ ನಾಲಿಗೆಯ ತುದಿಗೆ ಬಂದಿತ್ತು, ದೇವರಾಣೆ ಬಂದಿತ್ತು. ಆದರೆ ಬಾಯಿಂದ ಹೊರಟ ಮಾತು ಬೇರೆ.

“ಪರ್ವಾಗಿಲ್ಲ ಬಿಡಿ ಅಮ್ಮ” ಎಂದೆ.

ಅಂದರೆ ನಾನು ಅವರನ್ನು ಕ್ಷಮಿಸಿ ಕಳಿಸಿದೆ.

ಅವರು ಸಂದಿ ದಾಟಿ ಮರೆಯಾದ ಮೇಲೆ ಫೋನು ತೆಗೆದು ಕೆಂಪು ಗುರುತನ್ನು ಬೇವಿನ ಮರದ ಹತ್ತಿರಕ್ಕೆ ಎಳೆದೆ. ಕಪ್ಲರ್ ಬದಲಿಸುವಷ್ಟು ಹೊತ್ತೂ ಹಿಡಿಯಲಿಲ್ಲ. ಸ್ಯಾಟಲೈಟ್ ಏನೂ ಅನ್ನಲಿಲ್ಲ.

ಮೂಲೆಮನೆ ಈಗ ಇಲ್ಲ, ತಗಡಿನ ಬೇಲಿ ಹಾಕಿ ಪಾಯ ತೋಡಿದ್ದಾರೆ. ಹಳೇ ಗಿರಾಕಿಗಳು ಇಂದಿಗೂ, “ಆಂಟಿ ಎಲ್ಲಿ ಅಂಕಲ್?” ಎನ್ನುತ್ತಾರೆ. ದಾಸರಹಳ್ಳಿ ಎನ್ನುತ್ತೇನೆ. ದಾಸರಹಳ್ಳಿಯಲ್ಲಿ ಎಲ್ಲಿ ಎಂದರೆ ನನಗೆ ಗೊತ್ತಿಲ್ಲ, ಅಂದು ಕೇಳಿಕೊಳ್ಳಲಿಲ್ಲ. ಬಸ್ಸೇರಿ ಹೋಗಿ, ಗೇಟಿನ ಮುಂದೆ ಕೂತ ಯಾರನ್ನಾದರೂ ವಿಚಾರಿಸಿದರೆ ಸಿಕ್ಕಾರು. ಹೋಗಿಲ್ಲ. ಹೋಗಿ ವಿಚಾರಿಸಲು ಬೇಕಾದ ಹೆಸರು ಮಾತ್ರ ನನ್ನ ಬಳಿ ಇದೆ. ನನ್ನ ಕೈಯಿಂದಲೇ ಚೀಟಿಯ ಮೇಲೆ ಬರೆದದ್ದು: ಮುನಿಲಕ್ಷ್ಮಮ್ಮ.