ನಮ್ಮಣ್ಣನ ವಿಮಾನದ ಪಟ

ನಮ್ಮ ಮನೆಗೆ ಪಟ ಬರುತ್ತಿದ್ದುದು ಬಸ್ಸಿನಲ್ಲಿ. ಪಟವೆಂದರೆ ಫೋಟೋ. ಕಂದು ಕವರಿನೊಳಗೆ, ಮಡಿಕೆ ಬೀಳದಿರಲೆಂದು ರಟ್ಟು ಇಟ್ಟು, ಕಂಡಕ್ಟರ್ ಕೈಗೆ ಕೊಟ್ಟು ಕಳಿಸುತ್ತಿದ್ದರು. ಅರಕಲಗೂಡಿನಲ್ಲಿ ಆಗ ಹಾಗೆ ಬರುವ ಪಟವೆಂದರೆ ಹೆಣ್ಣಿನದೋ ಗಂಡಿನದೋ ಆಗಿರಬೇಕು. ಎದುರು ಮನೆಯ ಅಜ್ಜಿ ತನ್ನ ಜಗಲಿಯಿಂದಲೇ, "ಎಣ್ಣು ಯಾವೂರ್ದವ್ವಾ?" ಎಂದು ಕೂಗುತ್ತಿದ್ದಳು.

"ಹೊಳೆನರಸೀಪುರದ್ದು ಕಣಜ್ಜಿ. ಎರಡು ರೆಕ್ಕೆ ಅವೆ," ಎಂದು ನಾನೂ ಕೂಗಿ ಹೇಳುತ್ತಿದ್ದೆ.

ಕವರಿನಲ್ಲಿರುತ್ತಿದ್ದುದು ವಿಮಾನಗಳ ಪಟ. ಜನ ಕೂರುವ ವಿಮಾನವಲ್ಲ, ಕೈಯಾರೆ ಮಾಡಿ ಹಾರಿಸುವ ಒಂದು ಮೊಳ, ಎರಡು ಮೊಳದವು. ಅರವತ್ತರ ದಶಕದ ಆ ವರ್ಷಗಳಲ್ಲಿ ಈ ಹುಚ್ಚು ಹತ್ತಿಸಿಕೊಂಡವರು ನಮ್ಮ ಸೀಮೆಯಲ್ಲಿ ಊರಿಗೊಬ್ಬರಂತೆ ನಾಲ್ಕು ಜನ. ಹಾಸನದವರ ಹತ್ತಿರ ಕ್ಯಾಮೆರಾ ಇತ್ತು. ಹೊಳೆನರಸೀಪುರದವರು ರೇಡಿಯೋ ರಿಪೇರಿ ಮಾಡುತ್ತಿದ್ದರು. ಚನ್ನರಾಯಪಟ್ಟಣದವರದು ತೆಂಗಿನಕಾಯಿ ವ್ಯಾಪಾರ. ನಾಲ್ಕನೆಯವನು ನಮ್ಮಣ್ಣ. ತಮ್ಮ ಮೆಚ್ಚಿನ ವಿಮಾನದ ಪಟ ಕವರಿಗೆ ಹಾಕಿ ಕಳಿಸುವುದು, ನೋಡಿದವರು ತಮ್ಮದೊಂದನ್ನು ಸೇರಿಸಿ ಮುಂದಿನೂರಿಗೆ ದಾಟಿಸುವುದು ಅವರ ಪದ್ಧತಿ.

ನೆಲದ ಮೇಲೆ ನಿಲ್ಲಿಸಿ ತೆಗೆದ ಪಟಕ್ಕೆ ಅವರಲ್ಲಿ ಬೆಲೆಯಿರಲಿಲ್ಲ. ಹಾರುವಾಗ ತೆಗೆದದ್ದಕ್ಕೇ ಮರ್ಯಾದೆ. ಅದನ್ನು ಗುರುತಿಸುವುದನ್ನು ಅಣ್ಣನೇ ನನಗೆ ಕಲಿಸಿದ್ದ. "ಮೂಗ್ನಾಗಿರೋ ಫ್ಯಾನು ನೋಡಮ್ಮಿ. ಹಾರ್ತಿದ್ರೆ ಫ್ಯಾನಿನ ಎಲೆ ಕಾಣಾಕಿಲ್ಲ, ಹೊಗೆ ಹಂಗೆ ಬತ್ತದೆ. ಎಲೆ ಕಂಡ್ರೆ ಅದು ನಿಂತದೆ ಅಂತ."

ಅಣ್ಣ ಮಾತ್ರ ತನ್ನ ಯಾವ ವಿಮಾನವೂ ಹಾರುವುದನ್ನು ಕಣ್ಣಾರೆ ಕಂಡವನಲ್ಲ. ಚಿಕ್ಕಂದಿನಲ್ಲಿ ಬಂದ ಜ್ವರ ಅವನ ಹೃದಯವನ್ನು ಕೆಡಿಸಿ ಹೋಗಿತ್ತು. ಹಿತ್ತಲಿಗೆ ಹೋಗಿ ಬಂದರೆ ಏದುಸಿರು. ಬಸ್ಸು ಹತ್ತಕೂಡದೆಂದು ಡಾಕ್ಟರು ಹೇಳಿದ್ದರು. ಮಂಚದ ಮೇಲೆ ದಿಂಬಿಗೊರಗಿ, ಬಾಸಿಂಗ ಕಟ್ಟುವವರಿಂದ ತರಿಸಿದ ಬೆಂಡು, ಬಿದಿರ ಸೀಳು, ಗಾಳಿಪಟದ ಕಾಗದ, ಮೈದಾ ಅಂಟು ಇಟ್ಟುಕೊಂಡು ಕೆಲಸ ಮಾಡುತ್ತಿದ್ದ. ಮುಗಿದದ್ದನ್ನು ಗೆಳೆಯರು ಬಂದು ಒಯ್ದು ಹಾರಿಸುತ್ತಿದ್ದರು. ಪಟ ಬಂದಾಗಲೇ ಅವನಿಗೆ ಅದು ಹಾರಿದ ಹಾಗೆ.

ಕೊನೆಗೆ ಅವರೆಲ್ಲ ಸೇರಿ ರೇಡಿಯೋ ವಿಮಾನಕ್ಕೆ ಕೈ ಹಾಕಿದರು. ನೆಲದಲ್ಲಿ ನಿಂತು ಗುಂಡಿ ಒತ್ತಿದರೆ ಮೇಲಿರುವ ವಿಮಾನ ತಿರುಗಬೇಕು. ಯಂತ್ರ ಹೊಳೆನರಸೀಪುರದವರದು, ಒಡಲು ಅಣ್ಣನದು. ಆ ಬೇಸಿಗೆಯೆಲ್ಲ ಅವನು ಊಟಕ್ಕೆ ಕರೆದರೂ ಏಳಲಿಲ್ಲ. "ವಿಮಾನಕ್ಕೇ ಬಡಿಸು," ಎಂದು ಅಮ್ಮ ಬೈದಳು. ಗೆಳೆಯರು ಒಯ್ಯಲು ಬಂದ ದಿನ ಅಣ್ಣ ಬಾಗಿಲವರೆಗೂ ಗೋಡೆ ಹಿಡಿದು ನಡೆದು, "ಒಂದ್ ಪಟ, ಹಾರೋವಾಗಿಂದು," ಎಂದ. ಮೂವರೂ ತಲೆಯಾಡಿಸಿದರು.

ಆಮೇಲೆ ಬಸ್ಸು ಬಂದಾಗಲೆಲ್ಲ ನನ್ನನ್ನು ಅಟ್ಟುತ್ತಿದ್ದ. ಕಾಲು ಊದಿತು, ರಾತ್ರಿ ಮಲಗಲಾಗದೆ ಕೂತೇ ಇರುತ್ತಿದ್ದ. ಕಡೆಗೊಂದು ದಿನ ಕವರು ಬಂತು. ತೆಂಗಿನ ಮರಗಳ ನಡುವೆ, ಆಕಾಶದಲ್ಲಿ ಅಣ್ಣನ ವಿಮಾನ. ಅವನು ಅದನ್ನು ಎದೆಗೊತ್ತಿಕೊಂಡು ಕೂತ. ಎದುರು ಮನೆ ಅಜ್ಜಿಯನ್ನು ಕರೆಸಿ ತೋರಿಸಿದ. ಅಮ್ಮ ಪಾಯಸ ಮಾಡಿದಳು.

ಪಾಯಸದ ಲೋಟ ಕೊಡಲು ಬಗ್ಗಿದಾಗ ನನ್ನ ಕಣ್ಣಿಗೆ ಬಿತ್ತು. ಫ್ಯಾನಿನ ಎರಡೂ ಎಲೆ ಕೆತ್ತಿಟ್ಟಂತೆ ನಿಚ್ಚಳವಾಗಿದ್ದವು. ಮೈಯೆಲ್ಲ ಉರಿದುಹೋಯಿತು. ಹಾಳಾದವರು, ಸಾಯುವವನಿಗೆ ಸುಳ್ಳು ಪಟ ಕಳಿಸಿದ್ದರು! ಆದರೆ ಅವನ ಮುಖ ಅರಳಿತ್ತು. ಅವನು ಕಂಡಿಲ್ಲ, ಕಾಣದಿರಲಿ ದೇವರೇ, ಎಂದುಕೊಂಡೆ.

ಮಾರನೆಯ ದಿನವೇ ಅವನು ಮತ್ತೆ ಬೆಂಡು ಕೇಳಿದ. ಇದು ಗೇಣುದ್ದದ ವಿಮಾನ. ಒಂದು ರೆಕ್ಕೆ ಮುಗಿಸುವಷ್ಟರಲ್ಲಿ ಬೆರಳು ನಡುಗುತ್ತಿದ್ದವು. ನಾನೇ ಅಂಟು ಹಚ್ಚಿಕೊಟ್ಟೆ. ಎಲ್ಲ ಮುಗಿದ ಮೇಲೆ ಸಣ್ಣ ತಂತಿಯೊಂದನ್ನು ಬಗ್ಗಿಸಿ ಅದರ ಬೆನ್ನಿಗೆ ಕೊಕ್ಕೆ ಕೂರಿಸತೊಡಗಿದ.

"ಇದ್ಯಾಕಣ್ಣ?"

"ದಾರ ಕಟ್ಟಾಕೆ. ಮೊನ್ನೆ ಹಿಂದಕ್ಕೆ ಕಟ್ಬುಟ್ಟವ್ರೆ ಕಣಮ್ಮಿ. ಪಟ್ದಲ್ಲಿ ಮೂಗು ಕೆಳಿಕ್ಕಾಗದೆ. ಇಲ್ಲಿ ಕಟ್ಟುದ್ರೆ ನೆಟ್ಗೆ ನಿಂತ್ಕತ್ತದೆ."

ನಾನು ಅಂಟಿನ ಬಟ್ಟಲು ಕೆಳಗಿಟ್ಟೆ. ಅವನೇ ನನ್ನ ಕಡೆ ನೋಡದೆ, "ಅವ್ರಿಗೆ ಯೋಳ್ಬ್ಯಾಡ. ಪಾಪ, ನನಗೋಸ್ಕರ ತೆಂಗಿನ್ಮರ ಹತ್ತವ್ರೆ," ಎಂದ. ನಾನು ಹಿತ್ತಲಿಗೆ ಹೋಗಿ ಸೆರಗು ಬಾಯಿಗೆ ತುರುಕಿಕೊಂಡು ಅತ್ತೆ.

ಆ ವಾರ ಕಳೆಯುವುದರೊಳಗೆ ಅಣ್ಣ ಹೋದ.

ಸುದ್ದಿ ತಿಳಿದು ಮೂವರೂ ಬಂದರು. ರೇಡಿಯೋ ವಿಮಾನ ಕೈಬಿಟ್ಟ ಕ್ಷಣವೇ ಗದ್ದೆಗೆ ಬಿದ್ದು ಮುರಿಯಿತಂತೆ. ಹೇಗೋ ಅಂಟಿಸಿ, ಎರಡು ತೆಂಗಿನ ಮರಗಳ ನಡುವೆ ದಾರದಲ್ಲಿ ನೇತುಹಾಕಿದರಂತೆ. ಹೇಳುವಾಗ ಯಾರೂ ತಲೆ ಎತ್ತಲಿಲ್ಲ. ಬೈಯಬೇಕೆಂದು ಕಾದಿದ್ದ ನಾನು ಒಳಗಿನಿಂದ ಆ ಗೇಣುದ್ದದ ವಿಮಾನ ತಂದುಕೊಟ್ಟೆ. ಹಾಸನದವರು ಅದನ್ನು ಅತ್ತಿತ್ತ ತಿರುಗಿಸಿದರು. ಕೊಕ್ಕೆ ಬೆರಳಿಗೆ ತಾಗಿತು. ಅದೇನೆಂದು ಕೇಳುವ ಅಗತ್ಯ ಅವರಿಗಿರಲಿಲ್ಲ. ಮೀಸೆ ಹೊತ್ತ ಗಂಡಸು, ನಮ್ಮ ಜಗಲಿಯ ಮೇಲೆ ಕುಸಿದು ಗಟ್ಟಿಯಾಗಿ ಅತ್ತುಬಿಟ್ಟರು.

"ಇದ್ನಾದ್ರೂ ನಿಜವಾಗ್ಲೂ ಹಾರುಸ್ತೀವಿ ತಾಯಿ," ಎಂದರು ಹೊಳೆನರಸೀಪುರದವರು.

"ಬ್ಯಾಡಿ. ಕೊಕ್ಕೆಗೆ ದಾರ ಕಟ್ಟಿ ಪಟ ತಗೀರಿ. ಅವನು ಮಾಡಿದ್ದು ಅದಕ್ಕೇ," ಎಂದೆ.

ಒಂದು ತಿಂಗಳ ಮೇಲೆ ನಾನು ಬಸ್‌ಸ್ಟ್ಯಾಂಡಿನ ದಾರಿಯಲ್ಲಿ ಬರುತ್ತಿದ್ದೆ. ರಜೆ ಮುಗಿಸಿ ಅಂದೇ ಕೆಲಸಕ್ಕೆ ಬಂದಿದ್ದ ಹಳೆಯ ಕಂಡಕ್ಟರು ಕವರು ಎತ್ತಿ ಹಿಡಿದು, "ತಗಳವ್ವ, ನಿಮ್ಮಣ್ಣನ ಪಟ ಬಂದದೆ. ಬ್ಯಾಗ ಓಗಿ ಕೊಡು, ಕಾಯ್ತಿರ್ತನೆ," ಎಂದು ನಕ್ಕ.

"ಕೊಡ್ತೀನಿ," ಎಂದೆ.

ಮನೆಗೆ ಬಂದು ಖಾಲಿ ಮಂಚದ ಮೇಲೆ ಕೂತು ಕವರು ಬಿಚ್ಚಿದೆ. ವಿಮಾನ ನೆಟ್ಟಗಿತ್ತು. ಮೂಗು ಒಂದಿಷ್ಟೂ ಕೆಳಗಾಗಿರಲಿಲ್ಲ. "ನೋಡಣ್ಣ," ಎಂದು ದಿಂಬಿನ ಕಡೆ ತಿರುಗಿದೆ.