ತಿರುವಿನಾಚೆ ನಾನಾಡಿದ ಮಾತು

ನಮ್ಮ ವಾರ್ಡಿನಲ್ಲಿ ವಿಚಿತ್ರ ಕಥೆಗಳಿಗೆ ಬರವಿರಲಿಲ್ಲ. ಖಾಲಿ ಕೋಣೆಯಿಂದ ಯಾರೋ ಬೆಲ್ ಒತ್ತಿದರಂತೆ, ಸತ್ತವರ ಮಂಚದ ಹತ್ತಿರ ಕೆಮ್ಮು ಕೇಳಿಸಿತಂತೆ. ಹೊಸದಾಗಿ ಸೇರಿದ ಹುಡುಗಿಯರು ಕಣ್ಣರಳಿಸಿ ಹೇಳುವಾಗ, "ನಿದ್ದೆಗೆಟ್ಟೋರಿಗೆ ಏನು ಬೇಕಾದ್ರೂ ಕೇಳುತ್ತೆ, ಹೋಗಿ ಕೆಲಸ ನೋಡ್ರಮ್ಮ" ಎಂದು ಗದರುತ್ತಿದ್ದೆ. ಇಪ್ಪತ್ತೆರಡು ವರ್ಷ ನರ್ಸ್ ಆಗಿದ್ದವಳು ನಾನು. ಸಾವನ್ನು ಬಹಳ ಹತ್ತಿರದಿಂದ ನೋಡಿದ್ದೇನೆ, ಅದರಾಚೆಗೆ ಏನನ್ನೂ ನೋಡಿಲ್ಲ. ಆದ್ದರಿಂದ ಈಗ ಬರೆಯುವುದನ್ನು ನೀವು ನಂಬಲೇಬೇಕೆಂದು ನನ್ನ ಹಟವೇನಿಲ್ಲ. ನಾನೇ ಪೂರ್ತಿ ನಂಬಿಲ್ಲ. ನಂಬದೆ ಇರುವುದಕ್ಕೂ ಆಗುತ್ತಿಲ್ಲ.

ಕೆಲವು ವರ್ಷಗಳ ಹಿಂದಿನ ಒಂದು ಮಂಗಳವಾರ. ಹಿಂದಿನ ರಾತ್ರಿಯ ಪಾಳಿ ಮುಗಿದರೂ ಬೆಳಗಿನವಳು ಬರಲಿಲ್ಲ ಎಂದು ಅವಳ ಪಾಳಿಯನ್ನೂ ನಾನೇ ಮಾಡಿದ್ದೆ. ಕೃಷ್ಣಮೂರ್ತಿಪುರಂನಲ್ಲಿ ಬಸ್ಸಿಳಿದಾಗ ಮಧ್ಯಾಹ್ನ ಮೂರು ದಾಟಿತ್ತು. ಕಾಲು ಊದಿಕೊಂಡಿತ್ತು. ಊಟ ಬೇಡ, ಮಾತು ಬೇಡ, ಹಾಸಿಗೆಯೊಂದು ಸಿಕ್ಕರೆ ಸಾಕು ಅನ್ನುವಂತಿತ್ತು. ಅಂಥ ಆಯಾಸದಲ್ಲಿ ಮನುಷ್ಯರ ಮೇಲೆ ಕರುಣೆ ಹುಟ್ಟುವುದಿಲ್ಲ. ಇದನ್ನು ಯಾವ ನರ್ಸೂ ಬಾಯಿಬಿಟ್ಟು ಹೇಳುವುದಿಲ್ಲ, ನಾನು ಹೇಳುತ್ತಿದ್ದೇನೆ.

ನಮ್ಮ ಅಡ್ಡರಸ್ತೆಯ ಮೊದಲ ಮನೆ ಮಲ್ಲಪ್ಪನವರದು. ಐವತ್ತೈದರ ಆಸುಪಾಸಿನ ಮನುಷ್ಯ, ನನಗೆ ಬರೀ ನಮಸ್ಕಾರದ ಪರಿಚಯ. ಅವರ ಮನೆ ಗೇಟಿನ ಬಳಿ ಬಂದಾಗ ಹೆಂಡತಿ ಗಿರಿಜಮ್ಮ ಜಗುಲಿಯಿಂದಲೇ ಕೂಗಿದರು. "ಸಿಸ್ಟರ್, ನುಗ್ಗೇಕಾಯಿ ಕೀಳಕ್ಕೆ ಹೋಗಿ ಏಣಿಯಿಂದ ಬಿದ್ಬುಟ್ರು ಕಣ್ರೀ! ಸದ್ಯ, ಒಂದು ತೊಟ್ಟು ರಕ್ತ ಬಂದಿಲ್ಲ."

ಗೇಟಿನ ಮೇಲಿಂದ ನೋಡಿದೆ. ಬೀಳುವಾಗ ಎಡಪಕ್ಕೆ ನೀರಿನ ತೊಟ್ಟಿಯ ಅಂಚಿಗೆ ಬಡಿದಿತ್ತಂತೆ. ತಾವೇ ಎದ್ದು ನಡೆದು ಬಂದಿದ್ದರು. ಮನೆಯವರು ಬೆತ್ತದ ಕುರ್ಚಿಯಲ್ಲಿ ನೆಟ್ಟಗೆ ಕೂರಿಸಿ, ತಲೆ ತಿರುಗದಿರಲೆಂದು ಕೈಗೆ ಬೀಗದ ಕೈ ಗೊಂಚಲು ಕೊಟ್ಟಿದ್ದರು. ಪಕ್ಕದಲ್ಲಿ ಅವರ ಅಣ್ಣ ಸೋಡಾ ಬಾಟಲಿ ಹಿಡಿದು ನಿಂತಿದ್ದರು. "ಡಾಕ್ಟ್ರ ಹತ್ರ ಹೋಗೋದೇ. ರಾಹುಕಾಲ ಕಳೀಲಿ, ನಾಲ್ಕೂವರೆ ಆಗ್ಲಿ" ಎಂದರು ಅಣ್ಣ. ಮಲ್ಲಪ್ಪನವರು ನನ್ನನ್ನು ನೋಡಿ ನಗಲು ಪ್ರಯತ್ನಿಸಿ ಆಕಳಿಸಿದರು. ಮುಖ ಬೂದಿ ಬಣ್ಣಕ್ಕೆ ತಿರುಗಿತ್ತು. ಹಣೆಯ ವಿಭೂತಿ ತಣ್ಣನೆಯ ಬೆವರಿನಲ್ಲಿ ಕರಗಿ ಹುಬ್ಬಿಗೆ ಇಳಿದಿತ್ತು. ನೀರು ನೀರು ಎನ್ನುತ್ತಿದ್ದರು, ಕೂತಲ್ಲಿ ಕೂರಲಾಗದೆ ಮಿಸುಕಾಡುತ್ತಿದ್ದರು.

ನನಗೆ ಗೊತ್ತಾಯಿತು. ಇಪ್ಪತ್ತೆರಡು ವರ್ಷ ನೋಡಿದವಳಿಗೆ ಗೊತ್ತಾಗದೆ ಇರುತ್ತದೆಯೇ? ಈ ಲಕ್ಷಣಗಳಿದ್ದೂ ರಕ್ತ ಹೊರಗೆ ಬರದಿದ್ದರೆ ಒಳಗೆ ಹೋಗುತ್ತಿದೆ ಎಂದರ್ಥ. ನಾವು ಅದಕ್ಕೆ ಶಾಕ್ ಅನ್ನುತ್ತೇವೆ. ಜನ ಶಾಕ್ ಎಂದರೆ ಗಾಬರಿ ಅಂದುಕೊಳ್ಳುತ್ತಾರೆ. ಮೈಯಲ್ಲಿ ಓಡುವ ರಕ್ತ ಸಾಲದೆ ಮಿದುಳು, ಮೂತ್ರಪಿಂಡ ಒಂದೊಂದಾಗಿ ಕೈಬಿಡುವ ಸ್ಥಿತಿ ಅದು. ನಾಲ್ಕೂವರೆ ತನಕ ಕಾಯುವಂಥದ್ದಲ್ಲ.

ಇಷ್ಟು ಗೊತ್ತಿದ್ದೂ ನಾನು, "ಬೇಗ ಡಾಕ್ಟರಿಗೆ ತೋರಿಸಿಬಿಡಿ" ಎಂದಷ್ಟೇ ಹೇಳಿ ಮುಂದೆ ನಡೆದೆ.

ನೆಪಗಳು ಇದ್ದವು. ಮುಟ್ಟಿದರೆ ನಾನೇ ಹೊಣೆ. ಮತ್ತೆ ಅದೇ ಆಸ್ಪತ್ರೆಗೆ ಹೋಗಿ, ಅದೇ ಬಾಗಿಲಲ್ಲಿ ನಿಂತು, ನೆಂಟರ ಬೈಗುಳ ಕೇಳಬೇಕು. ರಸ್ತೆ ಎಡಕ್ಕೆ ತಿರುಗುವಲ್ಲಿ ಇಸ್ತ್ರಿಯವನ ಮುಚ್ಚಿದ ಗಾಡಿ ಇತ್ತು. ಅಲ್ಲಿಂದ ಅವರ ಮನೆ ಕಾಣುವುದಿಲ್ಲ. ಅಲ್ಲಿ ನಿಂತು ಬಾಟಲಿಯ ತಳದಲ್ಲಿದ್ದ ಗುಟುಕು ನೀರು ಕುಡಿದೆ, ಬ್ಯಾಗನ್ನು ಎಡಭುಜದಿಂದ ಬಲಭುಜಕ್ಕೆ ಹಾಕಿಕೊಂಡೆ. ಬಾಯಿಂದ ಒಂದು ಮಾತು ಬಂತು, ನನಗೇ ಕೇಳಿಸಿತೋ ಇಲ್ಲವೋ ಅನ್ನುವಷ್ಟು ಮೆಲ್ಲಗೆ. "ಊರೋರ ಹೆಣ ಎಲ್ಲ ನಾನೇ ಹೊರಬೇಕಾ?" ರಸ್ತೆಯಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ.

ಅಲ್ಲಿಂದ ಮುಂದೆ ನನಗೆ ನೆನಪಿಲ್ಲ. ಮರೆತಿದ್ದೇನೆ ಎಂದಲ್ಲ, ಅಲ್ಲಿ ಏನೂ ಇಲ್ಲ. ತಿರುಗಿದ್ದು, ಹೆಜ್ಜೆ ಹಾಕಿದ್ದು, ಗೇಟು ತೆಗೆದದ್ದು ಯಾವುದೂ ಇಲ್ಲ. ಮುಂದಿನ ನೆನಪೆಂದರೆ, ಚಪ್ಪಲಿ ಕಾಲಿನಲ್ಲೇ ಅವರ ಜಗುಲಿಯ ಮೇಲೆ ಮಂಡಿಯೂರಿ ಕೂತಿದ್ದೇನೆ, ಬೆರಳು ಅವರ ಮಣಿಕಟ್ಟಿನ ಮೇಲಿದೆ. ನಾಡಿ ದಾರದ ಎಳೆಯಷ್ಟು ಸಣ್ಣಗೆ, ಎಣಿಸಲಾಗದಷ್ಟು ಬೇಗ ಬಡಿಯುತ್ತಿತ್ತು. ಉಗುರು ಒತ್ತಿ ಬಿಟ್ಟರೆ ಬಿಳುಪು ಹಾಗೇ ಉಳಿಯುತ್ತಿತ್ತು, ಕೆಂಪು ಮರಳುತ್ತಿರಲಿಲ್ಲ. ಅಷ್ಟು ಹೊತ್ತಿಗೆ ಅವರ ಕಣ್ಣು ಮುಚ್ಚಿತ್ತು.

ಮಿಕ್ಕಿದ್ದು ಕೈಗೆ ಅಭ್ಯಾಸವಾದ ಕೆಲಸ. ಕತ್ತು, ಬೆನ್ನು ನೋವಿಲ್ಲ ಎಂದು ಅವರು ಮೊದಲೇ ಹೇಳಿದ್ದರಂತೆ, ಕಾಲೂ ಮುರಿದಿರಲಿಲ್ಲ. ಮೂವರೂ ಸೇರಿ ಕುರ್ಚಿಯಿಂದ ಮೆಲ್ಲಗೆ ಇಳಿಸಿ ಅಂಗಾತ ಮಲಗಿಸಿದೆವು. ಅಂಗಿಯ ಗುಂಡಿ, ಪಂಚೆಯ ಗಂಟು ಸಡಿಲಿಸಿದೆ. ಗಿರಿಜಮ್ಮನಿಂದ ಕಂಬಳಿ ತರಿಸಿ ಹೊದಿಸಿದೆ. ಸೋಡಾ ಕಿತ್ತುಕೊಂಡು ಆಚೆಗಿಟ್ಟೆ. ಹೊಟ್ಟೆಯೊಳಗೆ ಏನಾಗಿದೆಯೋ ತಿಳಿಯದಾಗ ಬಾಯಿಗೆ ಏನೂ ಹಾಕಬಾರದು, ಒದ್ದೆ ಬಟ್ಟೆಯಲ್ಲಿ ತುಟಿ ಒರೆಸಿದರೆ ಸಾಕು. ಕಾಲು ಒಂದಡಿ ಎತ್ತರಕ್ಕಿರಬೇಕು ಎಂದಾಗ ಅಣ್ಣ ಅನುಮಾನಿಸಿದರು, ತಮ್ಮನ ಕಾಲು ಹಿಡಿಯುವುದು ಹೇಗೆ ಎಂದಿರಬೇಕು. ಆಮೇಲೆ ಕೂತು ಎರಡೂ ಪಾದ ತೊಡೆಯ ಮೇಲಿಟ್ಟುಕೊಂಡರು.

"ಆಂಬುಲೆನ್ಸಿಗೆ ಫೋನ್ ಮಾಡಿ."

"ರಾಹುಕಾಲದಲ್ಲಿ..."

"ನಾಲ್ಕೂವರೆಗೆ ಇವರು ಇರಲ್ಲ."

ಗಿರಿಜಮ್ಮ ಫೋನ್ ಮಾಡಿದರು. ಗಾಡಿ ಬರುವವರೆಗೆ ಅವರ ಉಸಿರು ನೋಡುತ್ತಾ, ವಾಂತಿಯಾದರೆ ಪಕ್ಕಕ್ಕೆ ಹೊರಳಿಸಲು ಸಿದ್ಧಳಾಗಿ ಕೂತಿದ್ದೆ. ಎಡಪಕ್ಕೆಯೊಳಗಿನ ಗುಲ್ಮ, ನಾವು ಸ್ಪ್ಲೀನ್ ಅನ್ನುವುದು, ಸೀಳಿ ಹೊಟ್ಟೆ ತುಂಬ ರಕ್ತ ನಿಂತಿತ್ತೆಂದು ಆಪರೇಷನ್ ಆದಮೇಲೆ ಗೊತ್ತಾಯಿತು. ಅವರು ಬದುಕಿಕೊಂಡರು.

ಒಂದು ತಿಂಗಳ ಮೇಲೆ ಕಾಫಿಗೆ ಕರೆದರು. ಗಿರಿಜಮ್ಮ ನನ್ನ ಕೈ ಹಿಡಿದು, "ದೇವ್ರು ಬಂದಂಗೆ ಓಡ್ಬಂದ್ರಿ" ಎಂದು ಕಣ್ಣೊರೆಸಿಕೊಂಡು ಒಳಗೆ ಹೋದರು. ಮಲ್ಲಪ್ಪನವರು ದನಿ ತಗ್ಗಿಸಿದರು.

"ಸಿಸ್ಟರ್, ಅವತ್ತು ಇಸ್ತ್ರಿ ಗಾಡಿ ಹತ್ರ ನಿಮ್ಮ ಪಕ್ಕದಲ್ಲೇ ನಿಂತಿದ್ದೆ. ನೀರು ಕುಡಿದ್ರಿ. ಬ್ಯಾಗು ಈ ಕಡೆಯಿಂದ ಆ ಕಡೆಗೆ ಹಾಕ್ಕೊಂಡ್ರಿ. 'ಊರೋರ ಹೆಣ ಎಲ್ಲ ನಾನೇ ಹೊರಬೇಕಾ' ಅಂದ್ರಿ."

ಅವರ ದನಿಯಲ್ಲಿ ಕೋಪವಿರಲಿಲ್ಲ. ತಪ್ಪು ತಿಳಿಯಬೇಡಿ, ತುಂಬ ದಣಿದಿದ್ರಿ ಎಂದರು. ಅಷ್ಟರಲ್ಲಿ ಗಿರಿಜಮ್ಮ ಲೋಟ ಹಿಡಿದು ಬಂದರು. ಮಲ್ಲಪ್ಪನವರು ತಕ್ಷಣ ಮಾತು ಬದಲಿಸಿ ಈ ಸಲದ ಸೆಕೆಯ ವಿಷಯ ಎತ್ತಿದರು. ಹೆಂಡತಿಗೆ ಹೇಳಿಲ್ಲ ಎಂದು ತಿಳಿಯಿತು. ಇವತ್ತಿಗೂ ಹೇಳಿಲ್ಲ.

ಎಷ್ಟು ಲೆಕ್ಕಾಚಾರ ಹಾಕಿದ್ದೇನೆಂದು ನನಗೇ ಗೊತ್ತು. ರಕ್ತ ಸಾಲದ ಮಿದುಳು ಏನೇನೋ ತೋರಿಸುತ್ತದೆ, ನಿಜ. ಆದರೆ ನಡೆದದ್ದನ್ನೇ ತೋರಿಸಬೇಕೆ? ಜಗುಲಿಯಲ್ಲಿ ಮಂಡಿಯೂರಿದ್ದಾಗ ಆ ಮಾತನ್ನು ಮತ್ತೊಮ್ಮೆ ಗೊಣಗಿದೆನೇನೋ, ಅವರ ಕಿವಿಗೆ ಬಿತ್ತೇನೋ. ಇರಬಹುದು. ನೀರು, ಬ್ಯಾಗು? ಅವು ಆ ಜಗುಲಿಯಿಂದ ಕಾಣುವಂಥವಲ್ಲ.

ನನ್ನನ್ನು ಕಾಡುವುದು ಅದೂ ಅಲ್ಲ. ಅವರು ಪಕ್ಕದಲ್ಲಿ ನಿಂತಿದ್ದರೆಂದೇ ಇಟ್ಟುಕೊಳ್ಳೋಣ. ಆಮೇಲೆ ಏನಾಯಿತು? ನಾನೇ ತಿರುಗಿ ಬಂದೆನೋ, ಅವರೇ ನನ್ನನ್ನು ಕರೆತಂದರೋ? ಇದನ್ನು ಹೇಳಬಲ್ಲವರು ಇಡೀ ಲೋಕದಲ್ಲಿ ಅವರೊಬ್ಬರೇ. ಅವರ ಮನೆ ನನ್ನ ಮನೆಯಿಂದ ಮುನ್ನೂರು ಹೆಜ್ಜೆ. ದಿನವೂ ಆ ಗೇಟು ದಾಟುತ್ತೇನೆ, ಅವರು ಕೈ ಎತ್ತುತ್ತಾರೆ, ನಾನೂ ಎತ್ತುತ್ತೇನೆ.

ಇಲ್ಲಿಯವರೆಗೆ ಕೇಳುವ ಧೈರ್ಯ ಬಂದಿಲ್ಲ.