ಸ್ಪೀಕರಕ್ಕನ ಕಿವಿ

ಸ್ಪೀಕರಕ್ಕನ ಬಗ್ಗೆ ಬರೆಯಲು ನನಗಿರುವ ಅರ್ಹತೆ ಒಂದೇ. ನನ್ನ ಬುಕ್ ಬೈಂಡಿಂಗ್ ಅಂಗಡಿಗೂ ಅವಳ ಸ್ಪೀಕರ್ ರಿಪೇರಿ ಅಂಗಡಿಗೂ ನಡುವೆ ಇರುವುದು ಬರೀ ಹಲಗೆ ಗೋಡೆ. ಹದಿನೆಂಟು ವರ್ಷದಿಂದ ಅವಳಾಡಿದ್ದೆಲ್ಲ ನನ್ನ ಕಿವಿಗೆ ಬೀಳುತ್ತಿದೆ.

ಅಂಗಡಿ ಅವಳ ಮಾವನದು. ಗಂಡನಿಗೆ ಬೆಸುಗೆಯ ಹೊಗೆ ಆಗಿಬರಲಿಲ್ಲ, ಬಸ್ ಓಡಿಸಲು ಹೋದ. ಸೊಸೆ ಬಂದು ಸ್ಟೂಲಿನ ಮೇಲೆ ಕೂತಳು. ಮಾವ ಅವಳಿಗೆ ಬಿಟ್ಟುಹೋದದ್ದು ಒಂದು ಬೆಸುಗೆ ಕಡ್ಡಿ, ಕರೆಂಟು ಏರಿಳಿಯದಂತೆ ಮೇಜಿನ ಕೆಳಗೆ ಕಾಯುವ ಹಳೇ ಸ್ಟೆಬಿಲೈಸರ್, ಮತ್ತೆ ಒಂದು ಪಾಠ: ಮೊದಲು ಪ್ರಶ್ನೆ, ಆಮೇಲೆ ಸ್ಕ್ರೂಡ್ರೈವರ್.

ಈಗಿನ ಮನೆಗಳಲ್ಲಿ ಟೀವಿ ಪಕ್ಕ ಇರುತ್ತದಲ್ಲ, ಗುಡುಗಿನಂಥ ಸದ್ದು ಬರುವ ದೊಡ್ಡ ಡಬ್ಬಿ, ಸಬ್ ವೂಫರ್, ಅದರಲ್ಲಿ ಅವಳದು ಎತ್ತಿದ ಕೈ. ಅರ್ಧ ರಿಪೇರಿ ಫೋನಿನಲ್ಲೇ ಮುಗಿಯುತ್ತಿತ್ತು. ಯಾರೋ ಡಬ್ಬಿ ಸತ್ತೇಹೋಯಿತು ಅಂದರೆ, "ಲೈಟು ಕೆಂಪಗಿದ್ಯಾ? ಹಾಗಾದ್ರೆ ಸತ್ತಿಲ್ಲ, ಮಲಗಿದೆ. ಟೀವಿ ಸೌಂಡ್ ಸ್ವಲ್ಪ ಜಾಸ್ತಿ ಮಾಡಿ, ಎದ್ದೇಳುತ್ತೆ" ಅನ್ನುತ್ತಿದ್ದಳು. ಎದ್ದೇಳದಿದ್ದರೆ ಮುಂದಿನ ಪ್ರಶ್ನೆ: "ಇವತ್ತು ಅದರ ಹಿಂದೆ ಯಾರಾದ್ರೂ ಧೂಳು ಹೊಡೆದ್ರಾ? ಅತ್ತೇನಾ? ಹಿಂದಿರೋ ಗುಂಡಿ ಸೊನ್ನೆಗೆ ತಿರುಗಿರುತ್ತೆ ನೋಡಿ. ಅತ್ತೆಗೆ ಏನೂ ಅನ್ಬೇಡಿ." ಗೋಡೆಯೆಲ್ಲ ಅದುರುತ್ತದೆ ಅಂದವರಿಗೆ, "ಮೂಲೆಯಿಂದ ಒಂದು ಮೊಳ ಈಚೆ ಎಳೀರಿ. ಮೂಲೇಲಿ ಕೂತವರ ಗೊಣಗಾಟ ಯಾವಾಗ್ಲೂ ಜಾಸ್ತಿ." ಮಾತು ಕಡ್ಡಿ ಮುರಿದ ಹಾಗೆ. ಮತ್ತೊಮ್ಮೆ ಕೇಳುವ ಧೈರ್ಯ ಯಾರಿಗೂ ಇರಲಿಲ್ಲ.

ಬೇರೆ ಮೆಕ್ಯಾನಿಕ್‌ಗಳು ಡಬ್ಬಿಯೊಳಗೆ ಸದ್ದು ಹೊರಡಿಸುವ ಕಾಗದದ ಶಂಕುವಿನ ಮೇಲೆ ಅಂಗೈ ಇಟ್ಟು ಅದುರುತ್ತಿದೆಯೇ ಎಂದು ನೋಡುತ್ತಾರೆ. ಅದನ್ನು ಕಂಡರೆ ಅವಳಿಗೆ ನಗು. "ಕಿವಿ ಇಲ್ದೋರು ಮುಟ್ಟಿ ನೋಡ್ತಾರೆ" ಅನ್ನುತ್ತಿದ್ದಳು. ತನ್ನ ಅಂಗಡಿಯಿಂದ ಹೋದ ಡಬ್ಬಿ ಒಂದೂ ವಾಪಸು ಬಂದಿಲ್ಲ ಎಂಬ ಜಂಬವೂ ಇತ್ತು. ಇರಲಿ, ಜಂಬಕ್ಕೆ ತಕ್ಕ ಕೆಲಸವೂ ಇತ್ತು.

ಹಾಗೆ ವಾಪಸು ಬಂದ ಮೊದಲ ಡಬ್ಬಿ ಡ್ರಾಯಿಂಗ್ ಮೇಷ್ಟರದು. ನಿವೃತ್ತರು, ಮದುವೆಯಾಗಿಲ್ಲ, ಅಕ್ಕನ ಜೊತೆ ವಾಸ. ಅಕ್ಕನಿಗೆ ಹತ್ತು ವರ್ಷದಿಂದ ಕಿವಿ ಪೂರಾ ಕೇಳುವುದಿಲ್ಲ. ಸಂಜೆ ಹಾಡು ಹಾಕಿಕೊಂಡು ಕೂರುವುದೊಂದೇ ಮೇಷ್ಟರ ಚಟ.

"ಗುಂಯ್ ಅಂತಾನೇ ಇರುತ್ತಮ್ಮ. ಕರೆಂಟಿಂದು ಬಿಟ್ಟು ಮಿಕ್ಕ ಎಲ್ಲಾ ವೈರ್ ಕಿತ್ತರೂ ನಿಲ್ಲಲ್ಲ" ಅಂದರು. ಅವಳು ಅಲ್ಲೇ ಕರೆಂಟಿಗೆ ಹಾಕಿ ಕಿವಿಗೊಟ್ಟಳು. ಏನೂ ಇಲ್ಲ. ವೈರ್ ಬದಲಿಸಿ ಕಳಿಸಿದಳು. ವಾರಕ್ಕೆ ಮತ್ತೆ ಬಂತು. ಆಗಲೂ ಏನೂ ಇಲ್ಲ. ಮೂರನೇ ಸಲ ಬಂದಾಗ ಅವಳ ತಾಳ್ಮೆ ತಪ್ಪಿತು.

"ಮೇಷ್ಟ್ರೇ, ಸದ್ದು ಡಬ್ಬೀಲಿಲ್ಲ, ನಿಮ್ಮ ಕಿವೀಲಿದೆ. ಡಾಕ್ಟರಿಗೆ ತೋರ್ಸಿ."

ಮೇಷ್ಟರ ಮುಖ ಸಣ್ಣದಾದದ್ದು ನನಗೆ ಬಾಗಿಲಿನಿಂದ ಕಂಡಿತು. "ನಮ್ಮಕ್ಕನಿಗೂ ಹೀಗೇ ಗುಂಯ್ ಅಂತ ಶುರುವಾಗಿದ್ದು" ಅಂದರು. "ಡಬ್ಬಿ ಇಲ್ಲೇ ಇರಲಿ. ಬೇಕಾದವರಿಗೆ ಕೊಟ್ಬಿಡಮ್ಮ" ಎಂದು ಹೊರಟುಹೋದರು. ಡಾಕ್ಟರ ಹತ್ತಿರ ಅವರು ಹೋಗಲಿಲ್ಲ. ಹೆದರಿದವರು ಹೋಗುವುದಿಲ್ಲ. ಅವರ ಮನೆಯ ಹಾಡು ಅಂದಿಗೆ ನಿಂತಿತು.

ಒಂದು ತಿಂಗಳ ಮೇಲೆ, ಬೆಳಿಗ್ಗೆ, ನನ್ನ ಅಂಗಡಿಗೆ ಸುಟ್ಟ ವಾಸನೆ ಬಂತು. ಹಿಂದೆಯೇ ಎಂಥದೋ ನಿಶ್ಶಬ್ದ. ಅಂಗಡಿ ಮುಚ್ಚಿದಳೇನೋ ಎಂದು ಎದ್ದು ನೋಡಿದೆ. ಮಾವನ ಕಾಲದ ಸ್ಟೆಬಿಲೈಸರ್ ಸುಟ್ಟಿತ್ತು. ಅವಳು ನೇರ ಕರೆಂಟಿಗೆ ವೈರ್ ಎಳೆದು, ಯಾರಿಗೋ ಕೊಡಲೆಂದು ಮೇಷ್ಟರ ಡಬ್ಬಿಗೆ ಸ್ವಿಚ್ ಹಾಕಿದಳು.

ಗುಂಯ್.

ಅವಳು ಮೊದಲು ಬಗ್ಗಿ ಮೇಜಿನ ಕೆಳಗೆ ನೋಡಿದಳು. ಸುಟ್ಟ ಪೆಟ್ಟಿಗೆ ತಣ್ಣಗೆ ಕೂತಿತ್ತು. ಡಬ್ಬಿ ಆರಿಸಿದಳು, ಸದ್ದು ನಿಂತಿತು. ಹಾಕಿದಳು, ಬಂತು. ಸ್ಟೂಲಿನ ಮೇಲೆ ಕುಸಿದು ನನ್ನನ್ನು ಕೇಳಿದಳು. "ಅಣ್ಣಾ, ನಮ್ಮ ಸ್ಟೆಬಿಲೈಸರ್ ಹೀಗೇ ಸದ್ದು ಮಾಡ್ತಿತ್ತಾ?"

"ಇದೇ ಸದ್ದು. ದಿನಾ, ಬೆಳಿಗ್ಗೆಯಿಂದ ಸಂಜೆವರೆಗೂ."

"ಮತ್ತೆ ಹೇಳಲೇ ಇಲ್ವಲ್ಲ."

ಮೀನಿಗೆ ಈಜು ಕಲಿಸುವುದೇ ಎಂದು ಅಷ್ಟು ವರ್ಷವೂ ನಾನು ಹೇಳಿರಲಿಲ್ಲ. ಹದಿನೆಂಟು ವರ್ಷದಿಂದ ಕಾಲಬುಡದಲ್ಲೇ ಗುಂಯ್‌ಗುಟ್ಟಿದ್ದನ್ನು ಅವಳ ಕಿವಿ ಎಂದೋ ಲೆಕ್ಕದಿಂದ ಬಿಟ್ಟಿತ್ತು. ಡಬ್ಬಿಯದೂ ಅದೇ ಸದ್ದು, ಅದರಲ್ಲಿ ಸೇರಿಹೋಗಿತ್ತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗಾಯಿತು ಮೇಷ್ಟರ ಪಾಡು. ಆ ಬರೆಯಲ್ಲಿ ನನ್ನ ಪಾಲೂ ಇದೆ, ಅದಕ್ಕೆ ನನಗೆ ಇವತ್ತಿಗೂ ನಾಚಿಕೆ.

ಡಬ್ಬಿಯೊಳಗೆ ಒಣಗಿಹೋಗಿ ಆ ಗುಂಯ್‌ಗೆ ಕಾರಣವಾಗಿದ್ದ ಎರಡು ಕೆಪಾಸಿಟರ್‌ಗಳನ್ನು ಅವಳು ಅಲ್ಲೇ ಬದಲಿಸಿದಳು. ಡಬ್ಬಿ ಭಾರ, ನಾನೊಂದು ಕಡೆ ಹಿಡಿದೆ. ಮೇಷ್ಟರ ಮನೆಯ ಮುಂದಿನ ಕೋಣೆಯಲ್ಲಿ ಅವರ ಅಕ್ಕ ಕಿಟಕಿ ಬಳಿ ಬಟನ್ ಹೊಲಿಯುತ್ತಿದ್ದರು. ಡಬ್ಬಿ ಇದ್ದ ಜಾಗದಲ್ಲಿ ಹಳೇ ಪೇಪರಿನ ಕಟ್ಟು ಬಂದಿತ್ತು.

"ತಪ್ಪು ನನ್ನದು ಮೇಷ್ಟ್ರೇ. ಡಬ್ಬೀಲೇ ಇತ್ತು. ಈಗ ಸರಿ ಮಾಡಿದೀನಿ" ಅಂದಳು. ಮೇಷ್ಟರು ನಂಬಲಿಲ್ಲ, "ನನ್ನನ್ನು ಸಮಾಧಾನ ಮಾಡೋಕೆ ಹೇಳ್ತಿದ್ದೀಯ" ಅಂದರು. ಅವಳು ಪೇಪರಿನ ಕಟ್ಟು ಸರಿಸಿ, ಡಬ್ಬಿ ಇಟ್ಟು ಸ್ವಿಚ್ ಹಾಕಿದಳು. ಫ್ಯಾನ್ ಆರಿಸಿದಳು. ಮೂವರೂ ಕಿವಿಗೊಟ್ಟೆವು. ನನಗೇನೂ ಕೇಳಿಸಲಿಲ್ಲ. ಅವಳಿಗೂ ಇಲ್ಲ ಎಂಬುದು ಮುಖದಲ್ಲೇ ಗೊತ್ತಾಗುತ್ತಿತ್ತು.

ಮೇಷ್ಟರು ತಲೆ ತಗ್ಗಿಸಿದರು. "ನನಗಿನ್ನೂ ಸಣ್ಣಗೆ ಕೇಳ್ತಾ ಇದೆಯಮ್ಮ. ನೀನು ಹೇಳಿದ್ದೇ ನಿಜ."

ಸ್ಪೀಕರಕ್ಕ ಡಬ್ಬಿಯ ಮುಂದೆ ಮಂಡಿಯೂರಿದಳು. ಮುಂದಿನ ಬಟ್ಟೆಯ ಜಾಲರಿ ಕಳಚಿ, ಕಾಗದದ ಶಂಕುವಿನ ಮೇಲೆ ಅಂಗೈ ಇಟ್ಟಳು. ತುಂಬ ಹೊತ್ತು ಹಾಗೇ ಇದ್ದಳು. ಆಮೇಲೆ ಮೇಷ್ಟರ ಕೈ ಹಿಡಿದು ಅಲ್ಲೇ ಇಡಿಸಿದಳು.

"ಅದುರ್ತಾ ಇದೆ ಮೇಷ್ಟ್ರೇ. ನಿಮ್ಮ ಕಿವಿಗೆ ಏನೂ ಆಗಿಲ್ಲ" ಎಂದು ಸ್ವಿಚ್ ಆರಿಸಿ, ಸೆರಗಿನಲ್ಲಿ ಕಣ್ಣೊರೆಸಿಕೊಂಡು, ಸ್ಕ್ರೂಡ್ರೈವರ್ ತೆಗೆದಳು.